ಬಾಳೆಯ ಒಣ ಎಲೆಗಳು

"ಬುದ್ಧೀ, ತೀರಿಕೊಂಡ ಹೆಂಡತಿಯ ಸೀರೆಯೊಂದನ್ನು ಇನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಅದನ್ನು ಹೊಳೆಗೆ ಬಿಟ್ಟುಬಿಡಲೇ?" ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ.

ಅವನು ಮಠ ಸೇರಿ ನಾಲ್ಕು ತಿಂಗಳಾಗಿತ್ತು. ಜೊತೆಯ ಶಿಷ್ಯರು ಅವನನ್ನು ಸೀರೆಸ್ವಾಮಿ ಎಂದು ಕರೆದು ನಗುತ್ತಿದ್ದರು. ನಗುವುದಕ್ಕಾದರೂ ತನ್ನ ಕಡೆ ತಿರುಗುತ್ತಾರಲ್ಲ ಎಂದು ಅವನೂ ನಕ್ಕುಬಿಡುತ್ತಿದ್ದ. ಆ ದಿನ ಅವರು, ದುಃಖ ಮಾಡಿದ್ದು ಸಾಕು, ಸೀರೆಯನ್ನು ಬಿಟ್ಟು ಬಾ, ಆಮೇಲೆ ನಮ್ಮ ಸಾಲಿನಲ್ಲಿ ಕೂತು ಉಣ್ಣು ಎಂದಿದ್ದರು.

ಗುರುಗಳು ಕತೆ ಹೇಳುವುದರಲ್ಲಿ ಭಾರಿ ಕಿಲಾಡಿ. ಇದು ತಾವು ಕಣ್ಣಾರೆ ಕಂಡದ್ದು, ಆಗ ತಾವಿನ್ನೂ ಹುಟ್ಟಿರಲಿಲ್ಲ ಎಂದು ಶುರುಮಾಡಿದರು. ಮುರಿಗೆಪ್ಪನಿಗೆ ನಗು ಬರಲಿಲ್ಲ.

ಒಬ್ಬ ತೋಟಗಾರನಿದ್ದ. ಹಿಂದೆ ಮುಂದೆ ಯಾರೂ ಇಲ್ಲದವನು. ಅವನ ಅಂಗಳದಲ್ಲಿ ಒಂದು ಎಳೆಯ ಬಾಳೆ. ಆ ಊರಿನ ಚಳಿ ಅಂಥ ಚಳಿಯೇನಲ್ಲ. ಹಗಲೆಲ್ಲ ಬಿಸಿಲು, ಎಲ್ಲೋ ಒಂದೆರಡು ಮುಂಜಾವು ಮಾತ್ರ ಕಚ್ಚುತ್ತಿತ್ತು. ಮೊದಲ ಮುಂಜಾವಿಗೇ ಹೊರಗಿನ ಎಂಟು ಎಲೆಗಳು ಕರಕಲಾಗಿ ಜೋತುಬಿದ್ದವು. ಎಂಟಲ್ಲ, ಹನ್ನೆರಡು ಎಂದು ಗುರುಗಳು ತಿದ್ದಿಕೊಂಡರು. ತೋಟಗಾರ ಅವನ್ನು ಕೊಯ್ಯಲಿಲ್ಲ. ಒಳಗಿನ ಸುಳಿಗೆ ಅವೇ ಹೊದಿಕೆ ಎಂದು ಬಲ್ಲವನು.

ಆ ದಾರಿಯಲ್ಲಿ ದಿನವೂ ಒಬ್ಬ ವ್ಯಾಪಾರಿ ಹಾದುಹೋಗುತ್ತಿದ್ದ. ತೋಟಗಾರನನ್ನು ಮಾತಾಡಿಸುವವನು ಅವನೊಬ್ಬನೇ.

"ಏನಯ್ಯಾ, ಗಿಡ ಬೆಳೆಸುತ್ತಿದ್ದೀಯೋ, ಬೆದರುಗೊಂಬೆ ಸಾಕುತ್ತಿದ್ದೀಯೋ? ಚಳಿ ಹೋಗಿ ಎಷ್ಟು ದಿನವಾಯಿತು!"

ಅವನ ಮಾತು ಕೇಳಿದರೆ ಒಂದು ಗಳಿಗೆ ಕೂತು ಹೋದಾನು ಎಂದುಕೊಂಡ ತೋಟಗಾರ. ಒಳ್ಳೆಯ ಬಿಸಿಲಿದ್ದ ಒಂದು ದಿನ ಕುಡುಗೋಲು ತಂದು ಒಣ ಎಲೆಗಳನ್ನೆಲ್ಲ ಕೊಯ್ದ. ಅಂಗಳ ಗುಡಿಸಿ ಚಾಪೆ ಹಾಸಿದ. ವ್ಯಾಪಾರಿ ಬಂದ, ನೋಡಿದ, ಈಗ ಸರಿಯಾಯಿತು ಎಂದು ನಿಲ್ಲದೆ ನಡೆದ. ಮರುದಿನದಿಂದ ಅಷ್ಟು ಮಾತೂ ಇಲ್ಲ. ಛೇಡಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಎಲೆ ಕೊಯ್ದ ನಾಲ್ಕನೆಯ ಮುಂಜಾವು ಚಳಿ ಮತ್ತೆ ಬಂತು. ಬಾಳೆಯ ಸುಳಿ ಕಪ್ಪಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ, ಹಾಗಾದರೆ ಒಣ ಎಲೆಯನ್ನು ಎಂದೂ ಕೊಯ್ಯಬಾರದೇ ಎಂದು ಕೇಳಿದ.

"ಕೊಯ್ಯಬೇಕಪ್ಪ, ಆದರೆ ಚಳಿ ಹೋಯಿತೆಂದು ನಿನಗೆ ಹೇಳಿದ್ದು ಒಳಗಿನ ಸುಳಿಯೋ, ದಾರಿಹೋಕರೋ?"