ಉಪ್ಪುಬಿಚ್ಚಿದ ಗುಡ್ಡ

ಕೊಡೆಮಲೆ ಅಭಯಾರಣ್ಯದ ತಪಾಸಣೆ ಗೇಟಿನಲ್ಲಿ ಜೀಪು ಹತ್ತಿದವರು ಮೊದಲಿಗೆ ದಟ್ಟ ಕಾಡಿನ ನೆರಳಿನಲ್ಲಿ ಸಾಗುತ್ತಾರೆ. ಆಮೇಲೆ ಒಂದು ತಿರುವಿನಲ್ಲಿ ಮರಗಳು ಥಟ್ಟನೆ ಮುಗಿದು ಬಯಲು ತೆರೆದುಕೊಳ್ಳುತ್ತದೆ. ಕಣ್ಣು ಹಾಯುವಷ್ಟು ದೂರ ಹುಲ್ಲು ಹೊದ್ದ ಗುಡ್ಡಗಳು, ಅವುಗಳ ಸಂದಿಯಲ್ಲಿ ಮಾತ್ರ ಕಪ್ಪಗೆ ಒತ್ತಿಕೊಂಡ ತುಂಡು ಕಾಡುಗಳು. ಅಲ್ಲಿ ಎಲ್ಲಕ್ಕಿಂತ ಎತ್ತರದ ಗುಡ್ಡದ ನೆತ್ತಿಯಲ್ಲಿ ಒಕ್ಕಣೆಯ ಕಣದಷ್ಟು ಅಗಲವಾದ ಹಾಸುಬಂಡೆಯಿದೆ. ಮಳೆಗಾಲ ಕಳೆದು ಆಕಾಶ ತಿಳಿಯಾದ ದಿನ ಅದರ ಮೇಲೆ ನಿಂತರೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ನೇರಳಕೆರೆಯ ಗದ್ದೆಬಯಲು, ಎರಡೂ ಕಾಣುತ್ತವೆ. ಇದನ್ನು ನೋಡಲೆಂದೇ ವರ್ಷಗಟ್ಟಲೆ ಆಸೆಪಟ್ಟು, ದೂರದೂರುಗಳಿಂದ ರಜೆ ಹೊಂದಿಸಿಕೊಂಡು ಜನ ಬರುತ್ತಾರೆ. ಅರಣ್ಯ ಇಲಾಖೆಯ ಫಲಕದಲ್ಲಿ ಗುಡ್ಡದ ಹೆಸರು ‘ಉಪ್ಪುಬಿಚ್ಚು’ ಎಂದಿದೆ. ಅದನ್ನು ಓದಿ, ಮೇಲೆ ಉಪ್ಪಿಟ್ಟು ಸಿಗುತ್ತದೆಯೇ ಎಂದು ಕೇಳದ ಪ್ರವಾಸಿಗರು ಕಡಿಮೆ. ಜೀಪಿನ ಚಾಲಕರೂ ನಕ್ಕು ಸುಮ್ಮನಾಗುತ್ತಾರೆ. ಆದರೆ ನೇರಳಕೆರೆಯ ಹಿರಿಯರನ್ನು ಕೇಳಿದರೆ, ಕುಳಿತುಕೊಳ್ಳಿ ಎಂದು ಹೇಳಿ ದಾರಕ್ಕನ ಸಂಗತಿಯನ್ನು ಮೊದಲಿನಿಂದ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಘಟ್ಟಕ್ಕೆ ಗಾಡಿರಸ್ತೆಯಾಗುವುದಕ್ಕೆ ಬಹಳ ಮೊದಲು, ಮೇಲಿನ ಸೀಮೆಯ ಜನಕ್ಕೆ ಉಪ್ಪು ಬರುತ್ತಿದ್ದದ್ದು ಎತ್ತುಗಳ ಬೆನ್ನಿನ ಮೇಲೆ. ಕಡಲಂಚಿನ ಉಪ್ಪಿನಗದ್ದೆಗಳಲ್ಲಿ ಹೇರುಚೀಲ ತುಂಬಿಸಿಕೊಂಡು, ಒಂದರ ಹಿಂದೊಂದು ನಡೆಯುವ ಎತ್ತುಗಳ ಸಾಲು ಘಟ್ಟ ಹತ್ತಿ, ಈ ಹುಲ್ಲುಗುಡ್ಡಗಳನ್ನು ದಾಟಿ, ಆಚೆ ಬದಿಯ ಜಾರುಕಣಿವೆಯಲ್ಲಿ ಇಳಿದು ನೇರಳಕೆರೆಯ ಪೇಟೆ ಸೇರುತ್ತಿತ್ತು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗಿತ್ತು. ಜಾರುಕಣಿವೆ ಎಂಬುದು ಕಲ್ಲು ತುಂಬಿದ ಕಡಿದಾದ ಸೀಳು. ಎತ್ತನ್ನೋ ಮನುಷ್ಯನನ್ನೋ ಬಲಿ ತೆಗೆದುಕೊಳ್ಳದೆ ಅದು ಒಂದು ವರ್ಷವನ್ನೂ ಬಿಟ್ಟದ್ದಿಲ್ಲವಂತೆ. ದಾರಕ್ಕನ ಗಂಡ ಸೂರ ಸತ್ತದ್ದೂ ಅಲ್ಲಿಯೇ. ಅವನು ಹೋದ ಮೇಲೆ ಅವನ ನಾಲ್ಕು ಎತ್ತುಗಳು ಕೊಟ್ಟಿಗೆಯಲ್ಲಿ ಉಳಿದವು. ಸಾಲಿನ ಯಜಮಾನನಾಗಿದ್ದ ಸೂರನ ಅಣ್ಣ ದುಗ್ಗಣ್ಣ, ಅವನ್ನು ತನ್ನ ಎತ್ತುಗಳೊಂದಿಗೆ ಸೇರಿಸಿಕೊಳ್ಳುತ್ತೇನೆಂದೂ ಅವಳ ಅನ್ನಬಟ್ಟೆಯ ಭಾರ ತನಗಿರಲೆಂದೂ ಹೇಳಿದ. ಕೆಟ್ಟ ಮನುಷ್ಯನಲ್ಲ. ಆದರೆ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕುಳಿತು ತಿನ್ನುವುದು ದಾರಕ್ಕನಿಗೆ ಒಗ್ಗುವ ಮಾತಾಗಿರಲಿಲ್ಲ. ಹುಲ್ಲು ಹಾಕಿ, ಮೈತಿಕ್ಕಿ, ಆ ನಾಲ್ಕನ್ನೂ ಕರುವಿನಿಂದ ಬೆಳೆಸಿದ್ದವಳು ಅವಳು. ತಾನೇ ಹೇರು ಹೊಡೆಯುತ್ತೇನೆಂದಳು. ಊರು ನಕ್ಕಿತು. ದುಗ್ಗಣ್ಣ ನಗಲಿಲ್ಲ, ಒಂದು ಷರತ್ತು ಹಾಕಿದ. “ಈ ಸಲ ಬಾ. ಉಪ್ಪು ಪೇಟೆಗೆ ಮುಟ್ಟಿದರೆ ಎತ್ತು ನಿನ್ನವು. ಮುಟ್ಟದಿದ್ದರೆ ನನ್ನ ಕೊಟ್ಟಿಗೆಗೆ ಕಟ್ಟಿ, ಮತ್ತೆ ಈ ಮಾತು ಎತ್ತಬಾರದು.” ದಾರಕ್ಕ ಒಪ್ಪಿದಳು.

ಘಟ್ಟವನ್ನು ಅವಳು ಯಾರಿಗೂ ಕಡಿಮೆಯಿಲ್ಲದಂತೆ ಹತ್ತಿದಳು. ನೆತ್ತಿಯ ಹಾಸುಬಂಡೆ ತಲುಪುವ ಹೊತ್ತಿಗೆ ಮಾತ್ರ ಅವಳ ಮುಂದಿನ ಎತ್ತು ಕೆಂದನ ಗೊರಸಿಗೆ ಕಲ್ಲು ನೆಟ್ಟು ಕಾಲು ಊದಿಕೊಂಡಿತು. ಪಡುವಲಿನಿಂದ ಮಂಜು ಏರಿ ಬರುತ್ತಿತ್ತು. ಮಂಜು ಕವಿಯುವ ಮೊದಲು ಕಣಿವೆ ಇಳಿಯಬೇಕೆಂದು ಸಾಲಿನವರಿಗೆಲ್ಲ ಅವಸರ. ಕೆಂದನನ್ನು ಇಲ್ಲೇ ಬಿಟ್ಟು ಅವನ ಹೇರನ್ನು ಉಳಿದವುಗಳ ಮೇಲೆ ಹಂಚು ಎಂದ ದುಗ್ಗಣ್ಣ. ದಾರಕ್ಕ ಕೆಂದನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲು ಕೀಳುತ್ತಿದ್ದಳು. ತಲೆ ಎತ್ತದೆಯೇ, “ನೀವು ನಡೀರಿ ಬಾವ. ಇದರ ಕಾಲು ನೆಲಕ್ಕೂರಿದ ಮೇಲೆ ಬರ್ತೇನೆ” ಎಂದಳು. ಹೇರು ಹೊತ್ತ ಅಷ್ಟೊಂದು ಎತ್ತುಗಳನ್ನು ನಿಲ್ಲಿಸಿಕೊಂಡಿರುವುದು ಅವನಿಂದಾಗುತ್ತಿರಲಿಲ್ಲ. ತನ್ನ ಕಂಬಳಿಯನ್ನು ಅವಳ ಪಕ್ಕದಲ್ಲಿಟ್ಟು ಹೊರಟುಹೋದ.

ಮಂಜು ಬಂತು, ಹೋಗಲಿಲ್ಲ. ಮರುದಿನವೂ ಅದರ ಮರುದಿನವೂ ಹತ್ತು ಮಾರಿನಾಚೆ ಏನೂ ಕಾಣದ ಬಿಳುಪು. ದಾರಕ್ಕ ಚೀಲಗಳನ್ನು ಬಂಡೆಯ ಮೇಲೆ ಒಟ್ಟಿ, ಅವುಗಳ ಮರೆಯಲ್ಲಿ ಎತ್ತುಗಳನ್ನು ಕಟ್ಟಿ, ಕೆಂದನ ಕಾಲಿಗೆ ಸೊಪ್ಪು ಅರೆದು ಕಟ್ಟುತ್ತ ಕುಳಿತಳು. ಅವಳಿಗೆ ಬುತ್ತಿಯಿತ್ತು; ಎತ್ತುಗಳಿಗೆ ಸುತ್ತಲಿನ ಹುಲ್ಲೂ ಬಂಡೆಯ ಕುಳಿಗಳಲ್ಲಿ ನಿಂತ ಮಂಜಿನ ನೀರೂ ಸಾಕಾಯಿತು. ತೇವಕ್ಕೆ ಉಪ್ಪು ನೀರೊಡೆದು ಚೀಲಗಳಿಂದ ಬಂಡೆಯ ಇಳಿಜಾರಿಗೆ ಹರಿಯತೊಡಗಿತು. ಒಂದು ಮುಂಜಾನೆ ಆ ಇಳಿಜಾರಿನ ಕಡೆಯಿಂದ ಒರಟಾದದ್ದೇನೋ ಉಜ್ಜಿದಂತೆ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಕಾಟಿಗಳು, ನಮ್ಮ ಕಡೆ ಕಾಡುಕೋಣವೆಂದು ಕರೆಯುವ ಆ ಮಹಾಕಾಯಗಳು, ಮೊಣಕಾಲವರೆಗೆ ಬಿಳಿ ಕಾಲುಚೀಲ ತೊಟ್ಟಂತೆ ನಿಂತು ಬಂಡೆಯನ್ನು ನೆಕ್ಕುತ್ತಿದ್ದವು. ಹಿಂದೆ ಕರುಗಳೂ ಇದ್ದವು. ಹರಿದು ಬಂದದ್ದು ಮುಗಿದ ಮೇಲೆ ಹಿಂಡಿನ ದೊಡ್ಡ ಹೋರಿ ಮೂತಿ ಎತ್ತಿ, ವಾಸನೆ ಹಿಡಿದು, ಚೀಲಗಳ ಕಡೆಗೆ ಹೆಜ್ಜೆಯಿಟ್ಟಿತು. ಎತ್ತುಗಳು ಹಗ್ಗ ಜಗ್ಗಿ ನಡುಗತೊಡಗಿದವು. ಕೆಂದನಿಗೆ ಓಡಲೂ ಬರುವಂತಿರಲಿಲ್ಲ.

ದಾರಕ್ಕನ ಕೈ ಮೊದಲು ಕೋಲಿಗೆ ಹೋಯಿತಂತೆ. ಆಮೇಲೆ ಆ ಹೋರಿಯ ಕುತ್ತಿಗೆಯನ್ನು ನೋಡಿ ಕೋಲನ್ನು ಕೆಳಗಿಟ್ಟಳು. ಇದಕ್ಕೆ ಬೇಕಾದದ್ದು ತಾನೂ ಅಲ್ಲ, ಎತ್ತುಗಳೂ ಅಲ್ಲ ಎಂದು ಅವಳಿಗೆ ಹೊಳೆಯಿತು. ಬೇಕಾದದ್ದು ಉಪ್ಪು. ಉಪ್ಪು ಕೊಟ್ಟರೆ ಷರತ್ತು ಸೋತಂತೆ. ಕೊಡದಿದ್ದರೆ ಎತ್ತುಗಳು ಉಳಿಯುವುದಿಲ್ಲ. ಹೆಚ್ಚು ಹೊತ್ತು ಯೋಚಿಸಲಿಲ್ಲ ಎನ್ನುತ್ತಾರೆ. ಒಂದು ಚೀಲವನ್ನು ಎಳೆದುಕೊಂಡು ಬಂಡೆಯ ಆಚೆ ಅಂಚಿಗೆ ಹೋಗಿ, ಬಾಯಿ ಬಿಚ್ಚಿ ಸುರಿದು, ಬೆನ್ನು ತಿರುಗಿಸದೆ ಹಿಂದಕ್ಕೆ ಬಂದಳು. ಹಿಂಡು ಅತ್ತ ಸರಿಯಿತು. ಮರುದಿನ ಮತ್ತೆ ಬಂದವು. ಮತ್ತೊಂದು ಚೀಲ ಬಿಚ್ಚಿದಳು. ಹೀಗೆ ದಿನಕ್ಕೊಂದರಂತೆ ಚೀಲಗಳು ಕರಗುತ್ತ ಬಂದವು. ಮಂಜೂ ಹಾಗೆಯೇ ಇತ್ತು. ವಿಚಿತ್ರವೆಂದರೆ ಅವಳಿಗೆ ಭಯವೂ ದಿನದಿನಕ್ಕೆ ಕಡಿಮೆಯಾಯಿತು. ಕೊನೆಕೊನೆಗೆ ಅವು ಬರುವುದು ಸ್ವಲ್ಪ ತಡವಾದರೆ, ಯಾಕೆ ಬರಲಿಲ್ಲವೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಳಂತೆ.

ಒಂದೇ ಒಂದು ಚೀಲ ಉಳಿದಿದ್ದ ದಿನ ಗಾಳಿ ಬೀಸಿ ಮಂಜು ಹರಿಯಿತು. ಕೆಂದ ಕಾಲೂರಿ ನಿಂತಿದ್ದ. ಆದರೆ ಜಾರುಕಣಿವೆಯ ಚೂಪುಗಲ್ಲುಗಳ ಮೇಲೆ ಆ ಕಾಲು ತಡೆಯುವುದಿಲ್ಲವೆಂದು ದಾರಕ್ಕನಿಗೆ ಗೊತ್ತಿತ್ತು. ಅವಳು ಕಾಟಿಗಳನ್ನು ನೋಡುತ್ತ ನಿಂತಳು. ಬಿಸಿಲೇರಿದೊಡನೆ ಅವು ನೀರಿಗೆ ಹೊರಟವು. ನೆತ್ತಿಯ ಮೇಲೆ ಹಿಂಡಿಗಾಗುವಷ್ಟು ನೀರಿಲ್ಲ; ಹಾಗಾದರೆ ಕೆಳಗೆಲ್ಲೋ ಇಳಿಯುತ್ತವೆ. ಇಷ್ಟು ಭಾರದ ಮೈ, ಜೊತೆಗೆ ಹಾಲು ಕುಡಿಯುವ ಕರು. ಇವು ಆ ಸೀಳಿನಲ್ಲಿ ಇಳಿಯಲಾರವು. ಅವಳು ಉಳಿದ ಚೀಲವನ್ನು ಒಂದು ಎತ್ತಿಗೆ ಹೇರಿ, ಹಿಂಡಿಗೆ ಸಾಕಷ್ಟು ದೂರ ಬಿಟ್ಟು ಹಿಂದೆ ಹೊರಟಳು. ಗುಡ್ಡದ ಬಡಗಣ ಹೆಗಲನ್ನು ಬಳಸಿ, ಹುಲ್ಲಿನ ನಡುವೆ ಹೊರಳಿ ಹೊರಳಿ ಇಳಿಯುವ ಒಂದು ದಾರಿ ಅಲ್ಲಿತ್ತು. ಎಷ್ಟು ತಲೆಮಾರಿನ ಗೊರಸು ತುಳಿದದ್ದೋ, ಮಣ್ಣು ಮೆತ್ತಗೆ ಹದವಾಗಿತ್ತು. ಸುತ್ತು ದೊಡ್ಡದು, ಆದರೆ ಒಂದು ಕಡೆಯೂ ಎತ್ತು ಕಾಲು ಜಾರಲಿಲ್ಲ. ಸಂಜೆಗೆ ತೊರೆ ಸಿಕ್ಕಿತು. ತೊರೆಯ ಗುಂಟ ನಡೆದರೆ ನೇರಳಕೆರೆಯ ಕೋಡಿ.

ದುಗ್ಗಣ್ಣ ಅಷ್ಟರಲ್ಲಿ ಜಾರುಕಣಿವೆಯಲ್ಲಿ ಒಂದು ಎತ್ತನ್ನು ಕಳೆದುಕೊಂಡು ಪೇಟೆ ಮುಟ್ಟಿ, ಮಂಜು ಹರಿದ ಕೂಡಲೇ ದಾರಕ್ಕನನ್ನು ಹುಡುಕಲು ಜನ ಕಟ್ಟಿಕೊಂಡು ಕಣಿವೆ ಹತ್ತಿದ್ದ. ಬಂಡೆಯ ಮೇಲೆ ಬರಿದಾದ ಚೀಲಗಳನ್ನೂ ಕಾಟಿಗಳ ಹೆಜ್ಜೆಗಳನ್ನೂ ಕಂಡು, ಎಲ್ಲ ಮುಗಿಯಿತೆಂದುಕೊಂಡು, ತಮ್ಮನ ಮುಖ ನೆನೆಯುತ್ತ ಹಿಂದಿರುಗಿದ. ಮರುದಿನ ಪೇಟೆಗೆ ಬಂದು ನೋಡಿದರೆ ಧರ್ಮಛತ್ರದ ಜಗಲಿಯಲ್ಲಿ ದಾರಕ್ಕ ಕೆಂದನಿಗೆ ನೀರು ಕುಡಿಸುತ್ತಿದ್ದಳು. ಅವನು ಬಂದು ಜಗಲಿಯ ಅಂಚಿನಲ್ಲಿ ಕುಳಿತ. ಅವಳೇ ಮೊದಲು ಬಾಯಿ ತೆರೆದಳು.

“ಒಂದು ಚೀಲ ಉಳಿದಿದೆ ಬಾವ. ಮಿಕ್ಕದ್ದನ್ನೆಲ್ಲ ಕಾಟಿಗಳಿಗೆ ಬಿಚ್ಚಿದೆ. ಎತ್ತು ನಿಮ್ಮ ಕೊಟ್ಟಿಗೆಗೇ ಕಟ್ಟಿ.”

ದುಗ್ಗಣ್ಣ ಎದ್ದು ನಾಲ್ಕು ಎತ್ತುಗಳ ಮೊಣಕಾಲನ್ನೂ ಒಂದೊಂದಾಗಿ ಸವರಿ ನೋಡಿದ. ಜಾರುಕಣಿವೆ ಇಳಿದ ಎತ್ತಿಗೆ ಗಾಯವಿಲ್ಲದ ಮೊಣಕಾಲು ಇರುವುದುಂಟೇ? “ಎಲ್ಲಿ ಇಳಿದೆ ನೀನು?” ಎಂದು ಕೇಳಿದ. ಅವಳು ಹೇಳಿದಳು. ಅವನು ಕೆಂದನ ಬೆನ್ನಿನ ಮೇಲೆ ಕೈಯಿಟ್ಟ. ಈ ದಾರಿ ತಮ್ಮನಿಗೆ ಗೊತ್ತಿದ್ದಿದ್ದರೆ ಎಂದು ಅವನು ಎಣಿಸುತ್ತಿದ್ದನೆಂದು ಅವಳಿಗೆ ಅನ್ನಿಸಿತು. ಅವಳೂ ಇಳಿಯುವಾಗ ಉದ್ದಕ್ಕೂ ಅದನ್ನೇ ಎಣಿಸಿದ್ದಳು.

“ಎತ್ತು ನಿನ್ನವೇ ದಾರು,” ಎಂದ ದುಗ್ಗಣ್ಣ. “ವಾಪಸು ಹೋಗುವಾಗ ಸಾಲಿನ ಮುಂದೆ ನೀನು ನಡಿ. ನಾವು ಹಿಂದೆ ಬರ್ತೇವೆ.”

ಅಂದಿನಿಂದ ಜಾರುಕಣಿವೆಗೆ ಯಾರೂ ಇಳಿಯಲಿಲ್ಲ. ದಾರಕ್ಕ ತಲೆ ನರೆಯುವವರೆಗೂ ಸಾಲಿನ ಮುಂದೆ ನಡೆದಳು, ಪ್ರತಿ ಸಲವೂ ಬಂಡೆಯ ಆಚೆ ಅಂಚಿನಲ್ಲಿ ಒಂದಿಷ್ಟು ಉಪ್ಪು ಸುರಿದೇ ಮುಂದುವರಿದಳು. ಅವಳನ್ನು ನೋಡಿ ಉಳಿದವರೂ ಸುರಿದರು. ಇವತ್ತು ಎಲ್ಲಿ ತಂಗುವುದು ಎಂದರೆ ‘ದಾರಕ್ಕ ಉಪ್ಪು ಬಿಚ್ಚಿದಲ್ಲಿ’ ಎನ್ನುವುದು ರೂಢಿಯಾಯಿತು. ಬಾಯಿಂದ ಬಾಯಿಗೆ ಸವೆಯುತ್ತ ಅವಳ ಹೆಸರು ಉದುರಿ, ‘ಉಪ್ಪುಬಿಚ್ಚು’ ಮಾತ್ರ ನಿಂತಿತು. ದಾರಕ್ಕ ಕೆಳಗೆ ಕಡಲಂಚಿನ ತನ್ನ ಊರಿನಲ್ಲಿ ತೀರಿಕೊಂಡಳೆಂದು ಕೆಲವರು, ಇಲ್ಲ, ನೇರಳಕೆರೆಯಲ್ಲೇ ಮನೆ ಮಾಡಿ ತುಂಬು ಬಾಳು ಬಾಳಿದಳೆಂದು ಕೆಲವರು ಹೇಳುತ್ತಾರೆ. ನೇರಳಕೆರೆಯವರು ಎರಡನೆಯದನ್ನು ಬಿಟ್ಟುಕೊಡುವುದಿಲ್ಲ.

ಈಗ ಅಲ್ಲಿ ಉಪ್ಪು ಹಾಕುವುದನ್ನು ಇಲಾಖೆ ನಿಷೇಧಿಸಿದೆ, ಹಾಕುವವರೂ ಇಲ್ಲ. ಆದರೂ ಬಂಡೆಯ ಆಚೆ ಅಂಚು ಅಂಗೈಯಿಂದ ಸವರಿದರೆ ತೊಳೆದ ಬಟ್ಟಲಿನಷ್ಟು ನುಣುಪಾಗಿದೆ. ಬೇಗ ಎದ್ದು ಹೋದವರಿಗೆ ಅಲ್ಲಿ ಕಾಟಿಗಳು ಇಂದಿಗೂ ಕಾಣಸಿಗುತ್ತವೆ. ಪ್ರವಾಸಿಗರ ಜೀಪು ನೇರಳಕೆರೆಯ ಕಡೆ ಇಳಿಯುವುದೂ ಬಡಗಣ ಹೆಗಲಿನ ಅದೇ ಬಳಸುದಾರಿಯಲ್ಲಿ. ಬಿಸಿಲೇರಿದ ಹೊತ್ತಿನಲ್ಲಿ ಹಿಂಡು ಆ ದಾರಿಗೆ ಬಂದರೆ ಚಾಲಕರು ಹಾರನ್ ಮಾಡುವುದಿಲ್ಲ. ಎಂಜಿನ್ ನಿಲ್ಲಿಸಿ, ಕೊನೆಯ ಕರುವೂ ಮುಂದೆ ಹೋಗಲೆಂದು ಕಾಯುತ್ತಾರೆ. ಆಮೇಲೆ ನಿಧಾನವಾಗಿ ಅವುಗಳ ಹಿಂದೆಯೇ ಇಳಿಯುತ್ತಾರೆ.