ಹನ್ನೊಂದು ರುಮಾಲು, ಒಂದು ಬೈಗುಳ

"ಅಜ್ಜಾರ, ಕೈಯಲ್ಲಿ ಕಾಸಿಲ್ಲದವನನ್ನು ನಂಬಿ ಬಂಡವಾಳ ಕೊಡುವವರು ಈ ಲೋಕದಲ್ಲಿ ಇದ್ದಾರೆಯೇ?"

ಹೀಗೆ ಕೇಳಿದವನು ಅಡಿವೆಪ್ಪ. ಮಠದ ಭಕ್ತ, ಕಸುಬಿನಲ್ಲಿ ಗೌಂಡಿ. ಇಪ್ಪತ್ತು ವರ್ಷ ಕಂಡವರ ಕೈಕೆಳಗೆ ಗೋಡೆ ಕಟ್ಟಿ ಅವನಿಗೆ ಸಾಕಾಗಿತ್ತು. ಇನ್ನು ಸ್ವಂತ ಗುತ್ತಿಗೆ ಹಿಡಿಯಬೇಕು, ತನ್ನದೇ ಆಳು, ತನ್ನದೇ ಸಾಮಾನು ಇರಬೇಕು ಎಂಬ ಆಸೆ. ಪೇಟೆಯ ಒಬ್ಬ ಶ್ರೀಮಂತರು ಮಠದ ಸ್ವಾಮಿಗಳಾದ ಅಜ್ಜನವರ ಮಾತು ಮೀರುವವರಲ್ಲ ಎಂದು ಅವನು ವಿಚಾರಿಸಿಕೊಂಡೇ ಬಂದಿದ್ದ.

"ಇವನು ಒಳ್ಳೆಯ ಕೆಲಸಗಾರ ಅಂತ ತಾವು ನಾಲ್ಕು ಸಾಲು ಬರೆದುಕೊಟ್ಟರೆ ಸಾಕು, ನನ್ನ ದಾರಿ ತೆರೆಯುತ್ತದೆ" ಎಂದ.

ಅಜ್ಜನವರು ನಕ್ಕರು. "ಕೂಡಪಾ. ಪತ್ರ ಎಲ್ಲಿಗೆ ಓಡಿಹೋಗುತ್ತದೆ? ಮೊದಲು ಒಬ್ಬ ಗೌಂಡಿಯ ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೌಂಡಿ ಇದ್ದ. ಕೈ ಚೆನ್ನಾಗಿತ್ತು, ಕಿಸೆ ಚೆನ್ನಾಗಿರಲಿಲ್ಲ. ಒಂದು ದಿನ ಒಬ್ಬ ನೇಕಾರ ಅವನನ್ನು ಕರೆದು, ಮೂರು ಖೋಲಿಯ ಮನೆ ಕಟ್ಟಿಕೊಡು, ಸಾಮಾನು ಆಳು ಎಲ್ಲ ನಿನ್ನದೇ, ಕೆಲಸ ಏರಿದಂತೆ ಹಣ ಕೊಡುತ್ತೇನೆ ಎಂದ. ಸೋಮವಾರ ಪಾಯಪೂಜೆ. ಆ ದಿನ ಸಾಮಾನು ಬಂದು ಬೀಳದಿದ್ದರೆ ಕೆಲಸ ಬೇರೆಯವನಿಗೆ.

ಗೌಂಡಿಗೆ ಕುಣಿಯುವಷ್ಟು ಸಂತೋಷವಾಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಆ ಗಾದೆ ಮಾಡಿದವರು ಮನೆ ಕಟ್ಟಿಸುವವನ ಕಷ್ಟ ಕಂಡಿದ್ದರು, ಕಟ್ಟುವವನ ಕಷ್ಟ ಕಂಡಿರಲಿಲ್ಲ. ಸಿಮೆಂಟು ಬೇಕು, ಕಬ್ಬಿಣ ಬೇಕು, ಸ್ಲ್ಯಾಬು ಹಾಕಲು ಹಲಗೆ ಮತ್ತು ಕಂಬ ಬೇಕು. ಅವನಲ್ಲಿ ಇದ್ದದ್ದು ಒಂದು ಕರಣೆ, ಒಂದು ತೂಗುಗುಂಡು. ಈ ಗುತ್ತಿಗೆ ತಪ್ಪಿದರೆ ಸಾಯುವ ತನಕ ದಿನಗೂಲಿಯೇ ಗತಿ ಎಂಬುದು ಅವನಿಗೆ ಗೊತ್ತಿತ್ತು.

ಬ್ಯಾಂಕಿಗೆ ಹೋದ. ಅಲ್ಲಿಯವರು ಕೊಡುತ್ತೇವೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಳಿಸಿದರು. ಇನ್ನು ಉಳಿದದ್ದು ಪೇಟೆಯ ಕಬ್ಬಿಣ ಸಿಮೆಂಟಿನ ಸಾಹುಕಾರ. ಆ ಸಾಹುಕಾರ ಉದ್ರಿ, ಅಂದರೆ ಸಾಲಕ್ಕೆ ಸಾಮಾನು, ಕೊಡುವವನೇ. ಆದರೆ ಮನುಷ್ಯನನ್ನು ಅಳೆದು ನೋಡದೆ ಒಂದು ಮೊಳೆಯನ್ನೂ ಕೊಡುವವನಲ್ಲ.

ಗೌಂಡಿ ಒಂದು ಉಪಾಯ ಮಾಡಿದ. ಆ ಸೀಮೆಯಲ್ಲಿ ಒಂದು ಪದ್ಧತಿ. ಗೃಹಪ್ರವೇಶದ ದಿನ ಮನೆಯ ಯಜಮಾನ ಗೌಂಡಿಯನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಹೊಸ ರುಮಾಲು ಸುತ್ತಿ ಗೌರವಿಸುತ್ತಾನೆ. ನಮ್ಮ ಗೌಂಡಿಯ ಪೆಟ್ಟಿಗೆಯಲ್ಲಿ ಅಂಥ ರುಮಾಲು ಹನ್ನೊಂದಿದ್ದವು. ಒಂದನ್ನೂ ಅವನು ಮತ್ತೆ ಸುತ್ತಿ ಹಾಳುಮಾಡಿರಲಿಲ್ಲ. ಎಲ್ಲವನ್ನೂ ಮಡಿಕೆ ಮುರಿಯದ ಹಾಗೆ ಗಂಟುಕಟ್ಟಿ, ತಲೆಯ ಮೇಲೆ ಹೊತ್ತು, ಸಾಹುಕಾರನ ಅಂಗಡಿಯ ಗಾದಿಯ ಮುಂದೆ ಒಂದೊಂದಾಗಿ ಬಿಚ್ಚಿಟ್ಟ.

"ಇದು ಮಾಸ್ತರರ ಮನೆಯದು. ಇದು ಗೌಡರ ಮನೆಯದು, ಜರಿ ಅಂಚಿನದು. ಇವೇ ನನ್ನ ಆಸ್ತಿ ಸಾಹುಕಾರ್ರ."

ಸಾಹುಕಾರ ಜರಿ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. "ಚಲೋ ಅದಾವ. ಇವನ್ನ ಗೃಹಪ್ರವೇಶದ ದಿನ ಕೊಟ್ಟರಲ್ಲ?"

"ಹೌದ್ರಿ."

"ಅವತ್ತಿಗೆ ಆ ಮನೆಯಾಗ ಯಾರರೆ ಒಂದು ರಾತ್ರಿ ಮಲಗಿದ್ದರೇನು? ಒಂದು ಮಳೆಗಾಲ ಕಂಡಿದ್ದರೇನು? ಹೋಳಿಗಿ ತಿನ್ನೋ ದಿನ ಎಲ್ಲರೂ ರುಮಾಲು ಸುತ್ತತಾರಪ್ಪ. ನಿನ್ನ ಕೆಲಸ ಕೆಟ್ಟ ಮನಿ ಒಂದು ಇದ್ದೀತಲ್ಲ? ಆ ಮನಿಯವರನ್ನ ಕರಕೊಂಡು ಬಾ."

"ನನ್ನ ಕೆಲಸ ಎಂದೂ ಕೆಟ್ಟಿಲ್ಲರಿ" ಎಂದುಬಿಟ್ಟ ಗೌಂಡಿ.

"ಹಂಗಾರ ನೀ ಗೌಂಡಿ ಅಲ್ಲ, ದೇವರು. ದೇವರಿಗೆ ನಾ ಕಾಯಿ ಒಡಸತೀನಿ, ಉದ್ರಿ ಕೊಡಂಗಿಲ್ಲ."

ಗೌಂಡಿ ರುಮಾಲಿನ ಗಂಟು ಹೊತ್ತು ಹೊರಬಿದ್ದ. ಸುಳ್ಳು ಹೇಳಿದ್ದು ಅವನಿಗೇ ಗೊತ್ತಿತ್ತು. ಕೆಟ್ಟ ಕೆಲಸ ಒಂದಿತ್ತು. ಊರಿಗೆಲ್ಲ ಗೊತ್ತಿದ್ದ ಕೆಲಸ. ಅದು ಖಾನಾವಳಿಯ ಅಮ್ಮನ ಮನೆಯ ಮೆಟ್ಟಿಲು.

ಆಕೆಯ ಖಾನಾವಳಿಯಲ್ಲಿ ಅಡಿಗೆ ಕೆಳಗೆ, ಊಟ ಮಹಡಿಯ ಮೇಲೆ. ನಡುವೆ ಹದಿನೈದು ಮೆಟ್ಟಿಲು ಕಟ್ಟಿದವನು ಇವನೇ. ಎಲ್ಲವನ್ನೂ ಒಂದೇ ಎತ್ತರಕ್ಕೆ, ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕಟ್ಟಿದ್ದ. ಆದರೆ ಮಹಡಿಯ ನೆಲಕ್ಕೆ ಆಮೇಲೆ ಕಲ್ಲು ಹಾಸುತ್ತಾರೆ, ಹಾಸಿದರೆ ನೆಲ ಮೂರು ಬೆರಳು ಏರುತ್ತದೆ ಎಂಬ ಮಾತನ್ನು ಪುಣ್ಯಾತ್ಮ ಮರೆತಿದ್ದ. ಹದಿನೈದೂ ಮೆಟ್ಟಿಲು ಸಲೀಸಾಗಿ ಹತ್ತಿದ ಕಾಲು ಮಹಡಿಯ ಅಂಚಿಗೆ ಎಡವುತ್ತಿತ್ತು. ಅದೂ ಕೈಯಲ್ಲಿ ಬಿಸಿ ಪಲ್ಯ ಇದ್ದಾಗ. ಆ ಅಮ್ಮನ ನಾಲಿಗೆಗೆ ಮೊದಲೇ ಬೀಗವಿರಲಿಲ್ಲ. ಅವನಿಗೆ ಎಡವುಗೌಂಡಿ ಎಂದು ಹೆಸರಿಟ್ಟಳು. ಆ ಹೆಸರು ಊರೆಲ್ಲ ಹಬ್ಬಿದ ಮೇಲೆ ಅವನು ಆ ಓಣಿಗೆ ಕಾಲಿಡದೆ ಕೆರೆ ಸುತ್ತಿ ಪೇಟೆಗೆ ಹೋಗುತ್ತಿದ್ದ.

ಎರಡು ದಿನ ಹಿಂದೆಮುಂದೆ ನೋಡಿದ. ಬೇರೆ ಯಾರನ್ನಾದರೂ ಕರೆದೊಯ್ದು, ಇವರ ಮನೆ ಗೋಡೆ ಸ್ವಲ್ಪ ಬಿರಿದಿತ್ತು ಎಂದು ಹೇಳಿಸಿದರಾಯಿತು ಎಂದು ಒಬ್ಬಿಬ್ಬರನ್ನು ಕೇಳಿಯೂ ನೋಡಿದ. ಸುಳ್ಳು ಬಿರುಕಿಗೂ ಯಾರೂ ಒಪ್ಪಲಿಲ್ಲ. ಶನಿವಾರ ಬಂತು. ಮಾನ ಹೋದರೂ ಹೋಗಲಿ, ಗುತ್ತಿಗೆ ಹೋಗಬಾರದು ಎಂದು ಗಟ್ಟಿ ಮನಸ್ಸು ಮಾಡಿ ಖಾನಾವಳಿಯ ಬಾಗಿಲಲ್ಲಿ ನಿಂತ.

"ಅಯ್ಯ, ಎಡವುಗೌಂಡಿ! ವರ್ಷ ಆತು ಮಾರಿ ತೋರಿಸಿ. ಈ ಓಣಿ ಮರ್ತಿದ್ದಿ ಏನು?"

ಅವನು ತಲೆ ತಗ್ಗಿಸಿ ವಿಷಯ ಹೇಳಿದ. ಆಕೆ ಪೂರ್ತಿ ಕೇಳಲೂ ಇಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಹಿಟ್ಟಿನ ಕೈಯಲ್ಲೇ ಸೆರಗು ಸಿಕ್ಕಿಸಿದಳು. "ನಿನ್ನ ಬೈಯಾಕ ಕರೀತಾರ ಅಂದರ ನಾ ಬ್ಯಾಡ ಅಂತೀನೇನು? ನಡಿ!"

ಸಾಹುಕಾರನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಆಕೆಯ ಬಾಯಿ ಶುರುವಾಯಿತು.

"ಏನ್ ಹೇಳ್ಲಿ ಸಾಹುಕಾರ್ರ ಈ ಮನಷ್ಯಾನ ಗೋಳು! ಬಡಿಸಾಕಿ ಎಡವಿದ್ಲು, ಬದನೀಕಾಯಿ ಪಲ್ಯ ಹೋಗಿ ಮಾಸ್ತರ್ರ ಬಿಳಿ ಅಂಗಿ ಮ್ಯಾಲೆ! ಹೇಳಿ ಕಳಿಸಿದೆ, ಅವತ್ತ ಸಂಜಿಗೆ ಓಡಿ ಬಂದ. ಕಡೀ ಮೆಟ್ಟಿಲು ಎತ್ತರಾ ಮಾಡಿದ. ಎಡವೋದು ನಿಂತಿತೇನು? ಒಂದು ಮೆಟ್ಟಿಲು ಕೆಳಗ ಇಳೀತು! ಮತ್ತ ಹೇಳಿ ಕಳಿಸಿದೆ, ಮತ್ತ ಬಂದ. ಹದಿನೈದೂ ಮೆಟ್ಟಿಲಿಗೆ ಕೆಳಗಿಂದ ಸ್ವಲ್ಪ ಸ್ವಲ್ಪ ದಪ್ಪ ಏರಿಸಿಕೋತ ಕಲ್ಲು ಹೊದಿಸಿ, ಎಲ್ಲಾ ಸಮ ಮಾಡಿದ. ಎಂಟು ದಿನ ನನ್ನ ಖಾನಾವಳಿ ಬಂದ್! ಕಲ್ಲಿನ ರೊಕ್ಕಾ ತಗೋ ಅಂದೆ, ತಪ್ಪು ನಂದು ಅಂತ ಮುಟ್ಟಲಿಲ್ಲ. ಒಂದು ರೊಟ್ಟಿ ತಿನ್ನು ಅಂದೆ, ಮೆಟ್ಟಿಲು ಸರಿಯಾಗೋತನಕ ನಿಮ್ಮ ರೊಟ್ಟಿ ನನಗ ಇಳಿಯಂಗಿಲ್ಲ ಅಂದ. ಸರಿಯಾದ ಮ್ಯಾಲರೆ ತಿಂದನೇನು? ಹೇಳದಾಂಗ ಎದ್ದು ಹೋದ! ಎಂಥಾ ಸೊಕ್ಕು ನೋಡ್ರಿ!"

ಗೌಂಡಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪೇಟೆಯ ಅರ್ಧ ಜನ ಅಂಗಡಿಯ ಮುಂದೆ ಸೇರಿ ನಗುತ್ತಿದ್ದರು. ಮುಗಿಯಿತು, ಇನ್ನು ಸೋಮವಾರ ಬೇರೆಯವರ ಪಾಯಕ್ಕೆ ಕಲ್ಲು ಹೊರುವುದೇ ಎಂದುಕೊಂಡ.

ಸಾಹುಕಾರ ಕೇಳಿದ: "ಈಗ ಎಡವತಾರೇನಮ್ಮ?"

"ಈಗ್ಯಾಕ ಎಡವತಾರ? ಕಣ್ಣು ಮುಚಗೊಂಡು ಹತ್ತಬಹುದು. ಆದರ ಎಂಟು ದಿನ ಹೋದವಲ್ರಿ, ಅವನ್ನ ಯಾರು ಕೊಡತಾರ?"

ಸಾಹುಕಾರ ಗೌಂಡಿಯ ಕಡೆ ತಿರುಗಿದ. "ಸೋಮವಾರಕ್ಕ ಎಷ್ಟು ಚೀಲ ಸಿಮೆಂಟು ಬೇಕು, ಹೇಳು. ಹಲಗಿ, ಕಂಬ ನನ್ನ ಗೋದಾಮಿನಾಗ ಅದಾವ. ಒಯ್ಯಿ. ಮನಿ ಏರಿದಂಗ ರೊಕ್ಕ ತಂದು ಕೊಡು."

ಖಾನಾವಳಿಯ ಅಮ್ಮನಿಗೆ ಸಿಟ್ಟೇ ಬಂತು.

"ಅಲ್ರಿ, ಇಷ್ಟೊತ್ತು ನಾ ಬೈದದ್ದು ನಿಮ್ಮ ಕಿವಿಗೆ ಬಿತ್ತೋ ಇಲ್ಲೋ?"

"ಒಂದು ಅಕ್ಷರ ಬಿಡದಂಗ ಬಿತ್ತು ತಾಯಿ. ಅದಕ್ಕ ಕೊಡಾಕ ಹತ್ತೀನಿ."

ಆಕೆ ಒಂದು ಗಳಿಗೆ ಸಾಹುಕಾರನ ಮುಖ ನೋಡಿದಳು, ಒಂದು ಗಳಿಗೆ ಗೌಂಡಿಯ ಮುಖ ನೋಡಿದಳು. ಆಮೇಲೆ ತಾನೂ ನಕ್ಕಳು. "ಹಂಗಾರ ಮೊದಲನೇ ಸ್ಲ್ಯಾಬು ಬೀಳೋತನಕ ಇವನ ಆಳುಗಳ ರೊಟ್ಟಿ ನನ್ನ ಖಾನಾವಳಿಯಿಂದ. ರೊಕ್ಕ ಆಮ್ಯಾಲೆ. ಆದರ ಬೈಯೋದು ಮಾತ್ರ ನಾ ಬಿಡಂಗಿಲ್ಲ, ಈಗ ಹೇಳೀನಿ" ಎಂದಳು.

ಸೋಮವಾರ ಬೆಳಿಗ್ಗೆ ನೇಕಾರನ ಜಾಗದಲ್ಲಿ ಸಾಮಾನು ಬಂದು ಬಿತ್ತು. ಪಾಯಪೂಜೆ ಮುಗಿದ ಮೇಲೆ ಗೌಂಡಿ ಕೆರೆ ಸುತ್ತಲಿಲ್ಲ. ನೆಟ್ಟಗೆ ಆ ಓಣಿಯಲ್ಲೇ ನಡೆದು, ಹದಿನೈದು ಮೆಟ್ಟಿಲು ಹತ್ತಿ, ಹೊಟ್ಟೆತುಂಬ ಬೈಸಿಕೊಂಡು ಹೊಟ್ಟೆತುಂಬ ಉಂಡ.

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಪ್ಪ ತೊಡೆ ತಟ್ಟಿ ನಕ್ಕ. ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

"ಭಲೇ ಸಾಹುಕಾರ! ಭಲೇ ಹೆಣ್ಣುಮಗಳು! ಕತೆ ಬಹಳ ಚಲೋ ಆಯಿತು ಅಜ್ಜಾರ. ಇನ್ನು ನನ್ನ ಪತ್ರ?" ಎಂದು ಕಾಗದ ಮುಂದಕ್ಕೆ ಹಿಡಿದ.

ಅಜ್ಜನವರು ಕಾಗದ ತೆಗೆದುಕೊಂಡು ಎದ್ದರು. "ಅಗತ್ಯವಾಗಿ ಬರೆಯೋಣ, ಹೋದ ವರ್ಷ ನೀನು ಕಟ್ಟಿದ ನಮ್ಮ ದಾಸೋಹದ ಮನೆಯಲ್ಲಿ ಮಳೆ ಬಂದಾಗ ಹನಿ ಬೀಳದ ಮೂಲೆ ಯಾವುದು ತೋರಿಸು, ಅಲ್ಲೇ ಕೂತು ಬರೆಯುತ್ತೇನೆ."