ದುಗ್ಗಜ್ಜಿ ಓಡಿಸಿದ ತೋಳ

ಬಲು ಹಿಂದೆ, ಎಷ್ಟು ಹಿಂದೆ ಅಂತ ಕೇಳಬ್ಯಾಡ್ರಿ, ನನಗೆ ಹೇಳಿದೋರಿಗೇ ಗೊತ್ತಿರಲಿಲ್ಲ, ಜಾಲಿಗುಂಟೆ ಅಂತ ಒಂದು ಹಟ್ಟಿ. ಎಲ್ಲ ಕುರಿ ಕಾಯೋರು. ಅಲ್ಲಿ ದುಗ್ಗಜ್ಜಿ ಅಂತ ಸೂಲಗಿತ್ತಿ ಇದ್ದಳಂತೆ. ಸಾವಿರ ಹೆರಿಗೆ ಮಾಡಿಸಿದ್ದಳು ಅಂತಾರೆ. ಹೊಟ್ಟೆಯೊಳಗೆ ಅಡ್ಡ ಮಲಗಿದ ಕೂಸು ಅವಳು ಗದರಿದರೆ ನೆಟ್ಟಗಾಗ್ತಿತ್ತು ಅಂತಾರೆ. ನಗ್ತೀರಾ? ನಗ್ರಿ, ನಂಗೇನು.

ಅದೇ ಹಟ್ಟಿಯ ಕ್ಯಾತಮ್ಮನ ಮನೆಗೆ ಸಿರಿಯಕ್ಕ ಅಂತ ಸೊಸೆ ಬಂದಳು. ಗಂಡ ಚಿತ್ತಯ್ಯ, ಬಾಯಿಲ್ಲದ ಮನುಷ್ಯ. ಮದುವೆಯಾದ ಮೂರೇ ತಿಂಗಳಿಗೆ ಶುರುವಾಯಿತು ನೋಡ್ರಿ. ನೀರಿಗೆ ಹೋದರೆ ಒಬ್ಬಳು, ಏನವ್ವಾ, ಏನಾರ ವಿಶೇಷ? ಸೌದೆಗೆ ಹೋದರೆ ಇನ್ನೊಬ್ಬಳು, ಏನಾರ ವಿಶೇಷ? ಸೋಬಾನೆ ಹಾಡೋಕೆ ಹೋದರೆ ನಾಲ್ಕು ಜನ ಒಟ್ಟಿಗೇ. ಹಾಳು ವಿಶೇಷ!

ಒಂದು ವರ್ಷ ಹೋಯ್ತು, ಎರಡು ಹೋಯ್ತು. ತಿಂಗಳ ದಿನ ಹತ್ತಿರ ಬಂದರೆ ಸಿರಿಯಕ್ಕ ಊಟ ಬಿಡ್ತಿದ್ದಳಂತೆ. ಕಿಬ್ಬೊಟ್ಟೆ ಚೂರು ನೊಂದರೂ ಎದೆ ಡವಡವ. ಹೊರಗಾದರೆ ಮನೆ ಹಿಂದಿನ ಗುಡಿಸಲಲ್ಲಿ ಕೂರಬೇಕು, ಹಟ್ಟಿಗೆಲ್ಲ ಕಾಣ್ತದೆ. ಅವಳನ್ನ ಅಲ್ಲಿ ಕಂಡರೆ ಸಾಕು, ಕ್ಯಾತಮ್ಮ ಹೊಸಿಲ ಮೇಲೆ ಕೂತು ನಿಟ್ಟುಸಿರು ಬಿಡೋಳು. ಬೈದಿದ್ದರೆ ತಡಕೋಬಹುದಿತ್ತು, ಪಾಪ. ಮೈ ಇಳಿದು ಹೋಯ್ತು. ಆಮೇಲೆ ತಿಂಗಳೇ ತಪ್ಪಿತು. ಎರಡು ತಿಂಗಳು ಹೊರಗಾಗಲಿಲ್ಲ ಅಂತ ಕ್ಯಾತಮ್ಮ ಹಟ್ಟಿಗೆಲ್ಲ ಬೆಲ್ಲ ಹಂಚಿದಳು. ಮೂರನೇ ತಿಂಗಳು ಸಿರಿಯಕ್ಕ ಮತ್ತೆ ಆ ಗುಡಿಸಲಲ್ಲಿ. ಅಯ್ಯಯ್ಯೋ, ಆ ಅವಮಾನ ಯಾರಿಗೂ ಬ್ಯಾಡ!

ಮುಂದಿನ ಸಲ ಉಣ್ಣೆ ಕತ್ತರಿಸೋ ಹೊತ್ತಿಗೆ ವಿಶೇಷ ಇಲ್ಲದಿದ್ದರೆ ಮಗನಿಗೆ ಬೇರೆ ಹೆಣ್ಣು ತರ್ತೀನಿ ಅಂದಳು ಕ್ಯಾತಮ್ಮ. ಹೆಣ್ಣನ್ನೂ ನೋಡಿಟ್ಟಿದ್ದಳಂತೆ. ಸಿರಿಯಕ್ಕನಿಗೆ ತವರಲ್ಲಿ ಯಾರೂ ಇರಲಿಲ್ಲ. ಹೊರಗೆ ಹಾಕಿದರೆ ಎಲ್ಲಿಗೆ ಹೋಗಬೇಕು ಅವಳು?

ಕೊನೆಗೆ ಔಷಧಿಗೆ ಅಂತ ದುಗ್ಗಜ್ಜಿಯನ್ನ ಕರೆಸಿದರು. ಬಂದಳು, ನಾಡಿ ಹಿಡಿದಳು, ಹೊಟ್ಟೆ ಮುಟ್ಟಿದಳು, ಏನೂ ಕೊಡಲಿಲ್ಲ. ಎಂಟು ದಿನ ಅಲ್ಲೇ ಮೂಲೆಯಲ್ಲಿ ಕೂತು, ಬಂದೋರು ಹೋದೋರು ಆಡೋದನ್ನ ಕೇಳಿದಳಂತೆ. ಒಂಬತ್ತನೇ ದಿನ ಹಟ್ಟಿಯೋರನ್ನೆಲ್ಲ ಸೇರಿಸಿ, ಕುರಿ ಕೂಡೋ ರೊಪ್ಪದ ಸುತ್ತ ತೋಳ ಸುತ್ತಿದ ವರ್ಷ ಎಷ್ಟು ಕುರಿ ಗಬ್ಬ ಆದವು ಅಂತ ಕೇಳಿದಳು. ಎಲ್ಲಿ ಆಗ್ತಾವಜ್ಜಿ, ಹೆದರಿ ಮೇವೇ ಮುಟ್ಟಲಿಲ್ಲ, ಆಗಿದ್ದವೂ ದಿನ ತುಂಬೋ ಮುಂಚೆ ಕಂದು ಹಾಕಿದವು ಅಂದರು ಗಂಡಸರು.

‘ಕುರಿಗೆ ತೋಳ ಬಂದರೆ ಗೊತ್ತಾಗ್ತದೆ ನಿಮಗೆ. ಎರಡು ವರ್ಷದಿಂದ ಈ ಹುಡುಗಿ ಸುತ್ತ ಸುತ್ತುತ್ತಿರೋದು ಯಾರ್ರೋ?’ ಅಂದಳಂತೆ.

ಕ್ಯಾತಮ್ಮ ಕೆರಳಿದಳು. ಹಂಗಾದರೆ ನಾವು ಬಾಯಿ ಮುಚ್ಚಿಕೊಂಡರೆ ಮೊಮ್ಮಗು ಬರ್ತದಾ, ಮಾತು ಕೊಡು ಅಂದಳು. ದುಗ್ಗಜ್ಜಿ ಕೊಡಲಿಲ್ಲ. ಹೆದರಿಕೆ ಒಂದೇ ಕಾರಣ ಅಂತ ನಾನು ಹೇಳಲ್ಲ, ಕೊರತೆ ನಿನ್ನ ಮಗನಲ್ಲೂ ಇರಬಹುದು, ಕುರಿ ಗಬ್ಬ ಆಗದಿದ್ದರೆ ಟಗರನ್ನೂ ನೋಡ್ತೀರಲ್ಲ ಅಂದಳು. ಚಿತ್ತಯ್ಯ ನೆಲ ನೋಡಿದ. ತೋಳ ಬಾಗಿಲಲ್ಲಿ ನಿಂತಿರುವಾಗ ಬೇರೆ ಕಾಯಿಲೆ ಏನಂತ ಹುಡುಕಲಿ, ಮೊದಲು ಅದನ್ನ ಓಡಿಸ್ರಿ ಅಂದಳು ಅಜ್ಜಿ.

ಹೇಳಿ ಸುಮ್ಮನಾಗಲಿಲ್ಲ ಮಹಾತಾಯಿ. ತಾನೇ ಹೊಸಿಲ ಮೇಲೆ ಕೂತಳಂತೆ. ಯಾರಾದರೂ ವಿಶೇಷ ಅಂತ ಬಾಯಿ ತೆಗೆದರೆ, ಕುರಿ ಕಾಯೋರು ಕೂಗೋ ಹಾಗೇ ‘ಹೋ, ತೋಳ! ತೋಳ!’ ಅಂತ ಕೂಗೋಳು. ಹಟ್ಟಿ ನಾಯಿಗಳೆಲ್ಲ ಬೊಗಳೋವು. ಕೇಳಿದೋಳು ಸೆರಗು ಬಾಯಿಗಿಟ್ಟು ಓಡೋಳು.

ಉಣ್ಣೆ ಕತ್ತರಿಸೋ ಕಾಲ ಬಂತು. ವಿಶೇಷ ಇರಲಿಲ್ಲ. ಹೊಸ ಹೆಣ್ಣಿನ ಕಡೆಯೋರು ಬಂದು ಕೂತರು. ಸಿರಿಯಕ್ಕ ಬಟ್ಟೆ ಗಂಟು ಕಟ್ಟಿಟ್ಟುಕೊಂಡು ಒಳಗೆ ಕೂತಿದ್ದಳಂತೆ. ಬಂದೋರಲ್ಲಿ ಹಿರಿಯ ಕೇಳಿದ, ಮೊದಲನೇ ಹೆಂಡತಿಗೆ ವಿಶೇಷ ಏನೂ ಇಲ್ಲ ತಾನೆ? ದುಗ್ಗಜ್ಜಿ ಬಾಯಿ ತೆಗೆಯೋಕೆ ಮುಂಚೆ ಒಂದು ಗಂಟಲು ಕೂಗಿತು, ತೋಳ! ತೋಳ! ಅಂತ. ಚಿತ್ತಯ್ಯ! ಎದ್ದು ನಿಂತು, ಕೋಲು ಹಿಡಕೊಂಡು, ಅಳ್ತಾ ಕೂಗ್ತಿದ್ದನಂತೆ. ಬಂದೋರು ಚಪ್ಪಲಿ ಬಿಟ್ಟು ಓಡಿದರು ಅಂತಾರೆ.

ಸಿರಿಯಕ್ಕನಿಗೆ ಮಕ್ಕಳಾದವಾ? ಮರುವರ್ಷವೇ ಅವಳಿ ಹುಟ್ಟಿದವು ಅಂತಾರೆ ಕೆಲವರು. ಆಗಲೇ ಇಲ್ಲ, ಗಂಡ ಹೆಂಡತಿ ಇಬ್ಬರೇ ಹಾಯಾಗಿದ್ದರು ಅಂತಾರೆ ಕೆಲವರು. ನನಗೆ ಗೊತ್ತಿಲ್ಲ.

ಜಾಲಿಗುಂಟೆಯಲ್ಲಿ ಇವತ್ತಿಗೂ ಯಾರಾದರೂ ಸೊಸೆಯಂದಿರನ್ನ ಆ ಮಾತು ಕೇಳಿದರೆ ಮನೆಯ ಅತ್ತೆ ತೋಳ ಅಂತ ಕೂಗಬೇಕು. ನಾನು ಆ ಹಟ್ಟಿಗೆ ಸೊಸೆಯಾಗಿ ಹೋಗಿ ಒಂಬತ್ತು ವರ್ಷ ಮಕ್ಕಳಿರಲಿಲ್ಲ. ನಮ್ಮತ್ತೆ ಒಂಬತ್ತು ವರ್ಷವೂ ಕೂಗಿದಳು.